ಮರ್ಯಾದೆ ಕಲಿಸುವವರು ಯಾರು?

ಕಳೆದ ತಿಂಗಳು ನಮ್ಮ ಕ್ಯಾಂಪಿನ ಒಂದು ಮನೆಯಂಗಳದಲ್ಲಿ, ಚಹಾದ ಹೊತ್ತಿಗೆ, ಒಬ್ಬ ಗೃಹಸ್ಥರು ನನ್ನನ್ನು ತರಾಟೆಗೆ ತೆಗೆದುಕೊಂಡರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಓದಿಕೊಂಡವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಪದವಿಪೂರ್ವ ತರಗತಿಯ ಹುಡುಗ ಹುಡುಗಿಯರೊಡನೆ, ಅವರು ಒಬ್ಬರೊಡನೊಬ್ಬರು ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ವಾರಕ್ಕೊಂದು ತಾಸು ಮಾತನಾಡಲು ಅಪ್ಪಣೆ ಬೇಕೆಂದು ನಾನು ಆಡಳಿತ ಮಂಡಳಿಗೆ ಅರ್ಜಿ ಹಾಕಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. "ಏನ್ರೀ ಮಾಸ್ತರ, ನಿಮ್ಮ ಕನ್ನಡ ಕಲಸೂದು ಮುಗೀತೇನು? ಹುಡುಗರಿಗೆ ಮರ್ಯಾದಿ ಕಲಸೂದು ಮನೀ ಕೆಲಸ. ಅದನ್ನೂ ಕಾಲೇಜಿನ್ಯಾಗ ಕಲಸಬೇಕಾತು ಅಂದ್ರ ನಮ್ಮ ಮನಿತನ ಕೆಟ್ಟಾವ ಅಂದಂಗಾತು" ಎಂದರು. ಸುತ್ತಲಿದ್ದವರು ತಲೆದೂಗಿದರು. ನಾನು ಕಪ್ಪು ಕೆಳಗಿಟ್ಟು ಎದ್ದು ಬಂದೆ. ಹಿರಿಯರೊಡನೆ ಮಾತಿಗೆ ಮಾತು ಬೆಳೆಸಬಾರದೆಂದು ನನಗೆ ಮನೆಯಲ್ಲಿ ಕಲಿಸಿದ್ದಾರಲ್ಲವೆ!

ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತೇನೆ.

ಮೊದಲು ಆ ಶಬ್ದವನ್ನೇ ನೋಡೋಣ. ಕನ್ನಡ ಮಾಸ್ತರನಿಗೆ ಅದು ಬಿಟ್ಟರೆ ಬೇರೆ ಬಂಡವಾಳವಿಲ್ಲ. ಮರ್ಯಾದೆ ಎಂಬುದು ಸಂಸ್ಕೃತದಿಂದ ಬಂದದ್ದು. ಅದರ ಮೊದಲ ಅರ್ಥ ಗೌರವವಲ್ಲ. ಎಲ್ಲೆ, ಮೇರೆ, ಗಡಿ. ಸಮುದ್ರ ತನ್ನ ಮರ್ಯಾದೆಯನ್ನು ಮೀರದು ಎಂದರೆ ದಡವನ್ನು ದಾಟಿ ಬರದು ಎಂದು ಅರ್ಥ. ಗಡಿಯ ವಿಷಯದಲ್ಲಿ ಬೆಳಗಾವಿಯವರಿಗೆ ಹೊರಗಿನವರು ಪಾಠ ಹೇಳಬೇಕಾದದ್ದೇನೂ ಇಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಇಂದಿನವರೆಗೆ ನಾವು ಅದೇ ಮಾತನ್ನು ಆಡುತ್ತ ಬಂದಿದ್ದೇವೆ. ಒಂದೊಂದು ಹಳ್ಳಿಯ ಎಲ್ಲೆಗೂ ಆಯೋಗ ಕೂತಿದೆ; 1967ರ ಮಹಾಜನ ವರದಿಯ ಪುಟಗಳನ್ನು ಬಾಯಿಪಾಠ ಹೇಳುವವರು ಊರಲ್ಲಿದ್ದಾರೆ; 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ದಾವೆಯ ತಾರೀಖುಗಳು ಚಹಾದಂಗಡಿಯಲ್ಲಿ ಚರ್ಚೆಯಾಗುತ್ತವೆ. ಇಷ್ಟು ಗಡಿಪ್ರಜ್ಞೆಯುಳ್ಳ ಊರಿನಲ್ಲಿ, ಬಸ್ಸಿನ ಸೀಟಿನಲ್ಲಿ ಕೂತ ಹದಿನಾರರ ಹುಡುಗಿಗೂ ಒಂದು ಎಲ್ಲೆಯಿದೆ, ಅವಳ ಒಪ್ಪಿಗೆಯಿಲ್ಲದೆ ಅದನ್ನು ದಾಟಬಾರದು ಎಂಬುದನ್ನು ಮಾತ್ರ ನಾವು ಯಾವ ಮಗನಿಗೂ ಕೂರಿಸಿಕೊಂಡು ಹೇಳಿಲ್ಲ.

ಮನೆಯಲ್ಲಿ ನಾವು ಕಲಿಸುವುದು ಏನು? ಅಜ್ಜನ ಎದುರು ಕಾಲ ಮೇಲೆ ಕಾಲು ಹಾಕಬಾರದು. ಮಾವ ಬಂದರೆ ಎದ್ದು ನಿಲ್ಲಬೇಕು. ಗುರುಗಳಿಗೆ 'ರೀ' ಹಚ್ಚಿ ಮಾತನಾಡಬೇಕು. ಒಳ್ಳೆಯದೇ, ನಾನೂ ಹಾಗೆಯೇ ಬೆಳೆದವನು. ಆದರೆ ಈ ಮರ್ಯಾದೆಯೆಲ್ಲ ಏಣಿ ಹತ್ತುವ ಮರ್ಯಾದೆ, ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಸರಿಸಮನಾದವನಿಗೆ, ತನಗಿಂತ ದುರ್ಬಲನಾದವನಿಗೆ, ತಂಗಿಗೆ, ಕಸ ಬಳಿಯಲು ಬರುವ ಬಾಯಿಗೆ ಅದು ಇಳಿದು ಬರುವುದಿಲ್ಲ. ಗಂಡನಿಗೆ ಹೆಂಡತಿ 'ರೀ' ಎನ್ನುತ್ತಾಳೆ, ಹೆಂಡತಿಯನ್ನು ಗಂಡ 'ಏ ಇಕಿನ' ಎಂದು ಕರೆಯುತ್ತಾನೆ. ಮಗ ಊಟಕ್ಕೆ ಕೂತು ಇದೆರಡನ್ನೂ ಕೇಳುತ್ತಾನೆ. ಅವನಿಗೆ ಆಗಲೇ ಪಾಠವಾಗಿಬಿಟ್ಟಿತು; ಆ ಗೃಹಸ್ಥರು ಹೇಳಿದ ಮನೆಯ ಪಾಠ ಇದೇ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಹೇಳದೆ ಮುಂದಿನ ಮಾತಿಗೆ ನನಗೆ ಅಧಿಕಾರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಪ್ರಥಮ ವರ್ಷದವರಿಗೆ ವ್ಯಾಕರಣದ ಲಿಂಗಪ್ರಕರಣ ಹೇಳುತ್ತಿದ್ದೆ. ಪುಲ್ಲಿಂಗ ಬರೆದೆ, ಸ್ತ್ರೀಲಿಂಗ ಬರೆದೆ, ಮೂರನೆಯದಾಗಿ ಹಲಗೆಯ ಮೇಲೆ 'ನಪುಂಸಕಲಿಂಗ' ಎಂದು ಬರೆದೊಡನೆ ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ತಿರುಗಿ ನೋಡಿದರೆ ಹತ್ತಿಪ್ಪತ್ತು ಮುಖಗಳು ಒಬ್ಬ ಹುಡುಗನ ಕಡೆಗೆ ತಿರುಗಿವೆ. ಖಾನಾಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದ ಹುಡುಗ, ಮೆಲುದನಿ, ಮಾತಾಡುವಾಗ ಕೈ ಆಡಿಸುವ ಅಭ್ಯಾಸ, ಅಕ್ಷರ ಮುತ್ತಿನಂಥವು. ಅವನು ಪುಸ್ತಕದಲ್ಲಿ ಮುಖ ಹುದುಗಿಸಿದ. ನಾನೇನು ಮಾಡಿದೆ? "ಸಾಕು ಸಾಕು, ಗದ್ದಲ ಬ್ಯಾಡ" ಎಂದೆ. ಎನ್ನುವಾಗ ನಾನೂ ನಕ್ಕೆ. ಬಹಳವಲ್ಲ, ತುಟಿಯಂಚಿನಲ್ಲಿ. ತರಗತಿಗೆ ಅಷ್ಟು ಸಾಕಾಯಿತು. ಅಂದಿನಿಂದ ಆ ವ್ಯಾಕರಣದ ಪಾರಿಭಾಷಿಕ ಶಬ್ದವೇ ಅವನ ಹೆಸರಾಯಿತು. ಬಸ್ಸಿನಲ್ಲಿ, ನೀರಿನ ನಳದ ಹತ್ತಿರ, ಕೊನೆಗೆ ಯಾರೋ ಮಹಾನುಭಾವ ಶೌಚಾಲಯದ ಗೋಡೆಯ ಮೇಲೆಯೂ ಬರೆದಿಟ್ಟ.

ಮೂರು ತಿಂಗಳ ಮೇಲೆ ಅವನ ತಂದೆ ವರ್ಗಾವಣೆ ಪತ್ರಕ್ಕಾಗಿ ಬಂದರು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವವರು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಮರಾಠಿ ಬೆರೆತ ಕನ್ನಡದಲ್ಲಿ, "ಹುಡುಗ ಹೋಗಂಗಿಲ್ಲ ಅಂತಾನ್ರಿ ಸರ್. ಯಾಕಂತ ಹೇಳವಲ್ಲ. ಬಡದ್ರೂ ಹೇಳವಲ್ಲ" ಎಂದರು. ಯಾಕೆಂದು ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ. ಕಾಲೇಜು ಬಿಡಲು ಕಾರಣ ಎಂಬ ಕಲಮಿನಲ್ಲಿ ಗುಮಾಸ್ತರು 'ಪಾಲಕರ ಇಚ್ಛೆಯಂತೆ' ಎಂದು ಬರೆದು ಠಸ್ಸೆ ಹೊಡೆದರು.

ವಿಚಿತ್ರ ನೋಡಿ. ಸವದತ್ತಿಯ ಎಲ್ಲಮ್ಮನ ಗುಡ್ಡ ಇರುವುದು ನಮ್ಮ ಜಿಲ್ಲೆಯಲ್ಲೇ. ಹುಣ್ಣಿಮೆಗೆ ಗುಡ್ಡಕ್ಕೆ ಹೋದ ನಮ್ಮವರು ಸೀರೆಯುಟ್ಟು ಕೊಡ ಹೊತ್ತು ಬಂದ ಜೋಗಪ್ಪನ ಮುಂದೆ ತಲೆ ಬಗ್ಗಿಸಿ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗಲೂ, 2021ರಲ್ಲಿ ಪದ್ಮಶ್ರೀ ಪಡೆದಾಗಲೂ ನಾವು ಹೆಮ್ಮೆಪಟ್ಟೆವು. ನಾನು ತರಗತಿಯಲ್ಲಿ ಪತ್ರಿಕೆಯ ಚಿತ್ರ ತೋರಿಸಿ ಭಾಷಣ ಬಿಗಿದವನೇ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಲಿಂಗಾಂತರಿಗಳನ್ನು ಮೂರನೆಯ ಲಿಂಗವೆಂದು ಮನ್ನಿಸಿತೆಂಬುದು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಹುಡುಗರಿಗೆ ಗೊತ್ತು. ದೇವರ ಹೆಸರು ಹತ್ತಿದರೆ ಕಾಲಿಗೆ ಬೀಳುತ್ತೇವೆ, ಸರಕಾರದ ಪದಕ ಹತ್ತಿದರೆ ಚಪ್ಪಾಳೆ ಹೊಡೆಯುತ್ತೇವೆ. ಎರಡೂ ಇಲ್ಲದ ಒಬ್ಬ ಹುಡುಗ, ಅವನು ಯಾರೆಂದು ಅವನಿಗೇ ಇನ್ನೂ ಗೊತ್ತಿರದ ವಯಸ್ಸಿನಲ್ಲಿ, ಮೆಲುದನಿಯಲ್ಲಿ ಮಾತಾಡಿದನೆಂಬ ಒಂದೇ ಕಾರಣಕ್ಕೆ ಅವನನ್ನು ಬಸ್ಸಿನಿಂದ ಇಳಿಸಿಬಿಡುತ್ತೇವೆ.

'ಇದೆಲ್ಲ ಹುಡುಗಾಟಿಕೆ, ದೊಡ್ಡವರಾದರೆ ಸರಿಹೋಗುತ್ತಾರೆ' ಎನ್ನುವವರಿದ್ದಾರೆ. ಹುಬ್ಬಳ್ಳಿಯನ್ನು ನೆನೆಯಲಿ. 2024ರ ಏಪ್ರಿಲ್ 18ರಂದು ಅಲ್ಲಿನ ಒಂದು ಕಾಲೇಜಿನ ಆವರಣದಲ್ಲೇ, ಹಾಡಹಗಲಲ್ಲಿ, ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ಕೊಂದ ಆರೋಪ ಹೊತ್ತವನು ಅದೇ ಕಾಲೇಜಿನಲ್ಲಿ ಓದಿದ್ದವನು. ತಿಂಗಳು ತುಂಬುವುದರೊಳಗೆ, ಮೇ 15ರಂದು, ಅದೇ ಊರಿನಲ್ಲಿ ಇನ್ನೊಬ್ಬ ತರುಣಿ ಬೆಳಗಿನ ಜಾವ ತನ್ನ ಮನೆಯೊಳಗೇ ಹೀಗೆ ಸತ್ತಳು. ಮೊದಲ ಕೊಲೆಯಾದಾಗ ಊರಿಗೆ ಊರೇ ಕೊಂದವನ ಜಾತಿ ಧರ್ಮದ ಲೆಕ್ಕ ಹಾಕಿತು. ಎರಡನೆಯದು ಆ ಲೆಕ್ಕಕ್ಕೆ ಹೊಂದಲಿಲ್ಲ, ಮೆರವಣಿಗೆಗಳು ಸಣ್ಣಗಾದವು. ಎರಡರಲ್ಲಿಯೂ ಕೇಳಿಬಂದ ಮಾತು ಒಂದೇ: ಅವಳು ಒಲ್ಲೆ ಎಂದಳಂತೆ. ನ್ಯಾಯಾಲಯದ ಕೆಲಸ ನ್ಯಾಯಾಲಯದ್ದು. 'ಒಲ್ಲೆ' ಎಂಬ ಎರಡಕ್ಷರವನ್ನು ಕೇಳಿ ಸುಮ್ಮನೆ ಮನೆಗೆ ಹೋಗುವುದನ್ನು ನಮ್ಮ ಹುಡುಗರಿಗೆ ಯಾರು, ಯಾವ ವಯಸ್ಸಿನಲ್ಲಿ, ಎಲ್ಲಿ ಕೂರಿಸಿಕೊಂಡು ಕಲಿಸಿದರು ಎಂಬ ಪ್ರಶ್ನೆ ಮಾತ್ರ ನಮ್ಮದು. ಸಿನಿಮಾ ಅವರಿಗೆ ಕಲಿಸಿದ್ದು ತದ್ವಿರುದ್ಧ: ನಾಯಕಿ ಮೂರು ಸಲ ಒಲ್ಲೆ ಎನ್ನುತ್ತಾಳೆ, ನಾಯಕ ನಾಲ್ಕನೆಯ ಸಲ ಹಾಡುತ್ತಾನೆ, ಮಧ್ಯಂತರದ ಹೊತ್ತಿಗೆ ಅವಳು ಸೋಲುತ್ತಾಳೆ.

ಹುಬ್ಬಳ್ಳಿ ದೂರವೆನಿಸಿದರೆ ವಂಟಮುರಿ ಇದೆಯಲ್ಲ. ಬೆಳಗಾವಿ ತಾಲೂಕಿನದೇ ಹೊಸ ವಂಟಮುರಿ. 2023ರ ಡಿಸೆಂಬರ್ ತಿಂಗಳು. ನಾಡಿನ ಶಾಸನಸಭೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಸುತ್ತಿದ್ದ ವಾರ. ಪ್ರೀತಿಸಿದ ಹುಡುಗ ಹುಡುಗಿ ಊರು ಬಿಟ್ಟು ಹೋದರೆಂದು, ಹುಡುಗನ ತಾಯಿಯನ್ನು ಮನೆಯಿಂದ ಎಳೆದು ತಂದು, ಬಟ್ಟೆ ಕಿತ್ತು, ಮೆರವಣಿಗೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೃತ್ಯ ಎಸಗಿದವರ ಜೊತೆಗೆ ನೋಡುತ್ತ ನಿಂತವರನ್ನೂ ಕಟುವಾಗಿ ಆಡಿಕೊಂಡಿತು. ತಪ್ಪಿಸಲು ನಡುವೆ ಬಂದವನು ಒಬ್ಬನೇ ಒಬ್ಬನಂತೆ. ಅವನಿಗೂ ಪೆಟ್ಟು ಬಿದ್ದವು.

ಆ ವಾರ ನಾನು ತರಗತಿಯಲ್ಲಿ ದ್ರೌಪದಿಯ ಪ್ರಸಂಗವನ್ನು ಹೇಳುತ್ತಿದ್ದೆ. ಕುಮಾರವ್ಯಾಸನ ಸಭಾಪರ್ವ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಗದುಗಿನ ವೀರನಾರಾಯಣನ ಗುಡಿಯ ಕಂಬಕ್ಕೂ ಗೊತ್ತು. ವರ್ಷ ವರ್ಷವೂ ಅದೇ ಪ್ರಶ್ನೆ ಕೇಳುತ್ತೇವೆ: ದ್ರೌಪದಿಯ ಮಾನಸಂರಕ್ಷಣೆಯ ಸಂದರ್ಭವನ್ನು ವಿವರಿಸಿರಿ. ವರ್ಷ ವರ್ಷವೂ ಹುಡುಗರು ಅದೇ ಉತ್ತರ ಬರೆಯುತ್ತಾರೆ: ಸೀರೆ ಬೆಳೆಯಿತು, ದುಶ್ಶಾಸನ ದಣಿದ, ಕೃಷ್ಣ ಕಾಪಾಡಿದ. ಪೂರ್ತಿ ಅಂಕ ಕೊಡುತ್ತೇವೆ. ಭೀಷ್ಮ ಏನು ಮಾಡುತ್ತಿದ್ದ ಎಂದು ಕೇಳುವುದಿಲ್ಲ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತು ಇದು ಅನ್ಯಾಯವೆಂದನಲ್ಲ, ಅವನ ಹೆಸರು ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ನೆನಪಿದೆ ಕೇಳಿ ನೋಡಿ. ನಾವು ಪವಾಡವನ್ನು ಕಲಿಸಿದ್ದೇವೆ, ಸಭೆಯನ್ನು ಕಲಿಸಿಲ್ಲ. ಅಂದು ನಾನು ಪುಸ್ತಕ ಮುಚ್ಚಿಟ್ಟು, "ವಂಟಮುರಿಯೊಳಗ ಆ ರಾತ್ರಿ ನೀವು ಇದ್ದಿದ್ರ?" ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಒಬ್ಬ ಹುಡುಗ, "ಮೊಬೈಲ್ ತಗೀತಿದ್ವಿ ಸರ್" ಎಂದ. ಅವನು ಕುಚೋದ್ಯಕ್ಕೆ ಹೇಳಿದ್ದಲ್ಲ. ನಿಜ ಹೇಳಿದ. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಅದು.

ಸರಕಾರ ಏನು ಮಾಡಿತು ಎಂದು ಕೇಳುವವರಿಗೆ ಎರಡು ಮಾತು. 2007ರಲ್ಲಿ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವೊಂದು ದೆಹಲಿಯಿಂದ ಬಂದಾಗ ಮಹಾರಾಷ್ಟ್ರ, ಮಧ್ಯಪ್ರದೇಶಗಳಂತೆ ನಮ್ಮ ಕರ್ನಾಟಕವೂ ಬಾಗಿಲು ಹಾಕಿಕೊಂಡಿತು. ಗಡಿಯ ವಿಷಯದಲ್ಲಿ ಒಪ್ಪದ ಎರಡು ರಾಜ್ಯಗಳು ಇದರಲ್ಲಿ ಒಮ್ಮತಕ್ಕೆ ಬಂದದ್ದು ಗಮನಿಸಬೇಕಾದ ಸಂಗತಿ. ಮಕ್ಕಳು ಕೆಡುತ್ತಾರೆಂಬ ಭಯ. 2012ರಲ್ಲಿ ಪೋಕ್ಸೋ ಕಾಯಿದೆ ಬಂದಿತು. 18 ತುಂಬದವರೆಲ್ಲ ಮಕ್ಕಳು, ಅವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. ಅದಕ್ಕೆ ಮುಂಚೆ ಈ ಎಲ್ಲೆ 16 ಇತ್ತು. ಕಾನೂನು ಮಾಡಿದವರು ಅದನ್ನು ಯಾರಿಗೆ ಅನ್ವಯಿಸಬೇಕೋ ಅವರಿಗೆ ತಿಳಿಸುವ ಗೊಡವೆಗೆ ಹೋಗಲಿಲ್ಲ. ಕೊನೆಗೆ ಹೇಳಬೇಕಾಗಿ ಬಂದದ್ದು ನಮ್ಮ ಪಕ್ಕದ ಧಾರವಾಡದ ಹೈಕೋರ್ಟು ಪೀಠ. ಹದಿನೇಳರ ಹುಡುಗಿಯೊಬ್ಬಳು ತಾನೊಲಿದವನೊಡನೆ ಹೋಗಿ, ಮುಂದೆ ಮದುವೆಯಾಗಿ, ಇಬ್ಬರು ಮಕ್ಕಳ ತಾಯಿಯೂ ಆದ ಮೇಲೆ ಅವನ ಮೇಲಿನ ಮೊಕದ್ದಮೆಯ ಮೇಲ್ಮನವಿ 2022ರ ನವೆಂಬರಿನಲ್ಲಿ ಆ ಪೀಠದ ಮುಂದೆ ತೀರ್ಮಾನವಾಯಿತು. ಒಂಬತ್ತನೆಯ ಇಯತ್ತೆಯಿಂದ ಮೇಲಿನ ಮಕ್ಕಳಿಗೆ ಈ ಕಾನೂನನ್ನು ತಿಳಿಸುವ ಪಾಠ ಸಿದ್ಧಪಡಿಸಿರೆಂದು ನ್ಯಾಯಮೂರ್ತಿಗಳು ಶಿಕ್ಷಣ ಇಲಾಖೆಗೆ ನಿರ್ದೇಶನ ಕೊಟ್ಟರು. ಒಪ್ಪಿಗೆಯ ವಯಸ್ಸನ್ನು ಕುರಿತು ಕಾನೂನು ಆಯೋಗ ಮತ್ತೆ ಯೋಚಿಸಲೆಂದರು. ಆಯೋಗ 2023ರಲ್ಲಿ ಯೋಚಿಸಿ, 18ನ್ನು ಇಳಿಸುವುದು ಬೇಡವೆಂದಿತು. ಅದು ಸರಿಯೋ ತಪ್ಪೋ ಬಲ್ಲವರು ವಾದಿಸಲಿ. ಜೈಲಿನ ಬಾಗಿಲು ಎಲ್ಲಿದೆಯೆಂದು ಹೇಳದೆ ಹುಡುಗರನ್ನು ಕತ್ತಲಲ್ಲಿ ಓಡಾಡಲು ಬಿಟ್ಟು, ಒಳಗೆ ಬಿದ್ದ ಮೇಲೆ 'ಮನೆಯಲ್ಲಿ ಸಂಸ್ಕಾರವಿಲ್ಲ' ಎನ್ನುವುದು ಯಾವ ಸಂಸ್ಕಾರ?

ಕಾಲೇಜುಗಳು ಏನೂ ಮಾಡುತ್ತಿಲ್ಲವೆಂದೂ ಹೇಳಲಾರೆ. ಒಂದು ದಿನದ ಕಾರ್ಯಾಗಾರ ಮಾಡುತ್ತವೆ. ನಾನು ಕಂಡ ಒಂದರ ವರ್ಣನೆ ಕೇಳಿ. ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ದೀಪ ಬೆಳಗುವುದಕ್ಕೆ ಅರ್ಧ ತಾಸು, ಹಾರ ತುರಾಯಿಗೆ ಅರ್ಧ ತಾಸು. ಬಳಿಕ ಹುಡುಗರನ್ನೆಲ್ಲ ಮೈದಾನಕ್ಕೆ ಕಳಿಸಿ, ಹುಡುಗಿಯರನ್ನು ಸಭಾಗೃಹದಲ್ಲಿ ಕೂರಿಸಿ, ಕತ್ತಲಾದ ಮೇಲೆ ತಿರುಗಬೇಡಿ, ಫೋಟೋ ಹಾಕಬೇಡಿ, ಮೈತುಂಬ ಬಟ್ಟೆ ತೊಡಿ ಎಂದು ಉಪದೇಶ. ಹೊರಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಯಾರಿಗೆ ಪಾಠ ಬೇಕಿತ್ತೋ ಅವರಿಗೆ ಬ್ಯಾಟು, ಯಾರು ತಪ್ಪು ಮಾಡಿರಲಿಲ್ಲವೋ ಅವರಿಗೆ ಪಾಠ! ಮರುದಿನ ಪತ್ರಿಕೆಯಲ್ಲಿ ಒಂಬತ್ತು ಕುರ್ಚಿಗಳ ಚಿತ್ರ ಬಂತು. ಅಂಗವಿಕಲರ ವಿಷಯವೂ ಇಷ್ಟೇ. 2016ರ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಎಣಿಸಿದೆ. ನಮ್ಮವರು ಒಂದು ಇಳಿಜಾರು ಕಟ್ಟಿದ್ದಾರೆ, ಅದರ ತುದಿಗೆ ಸಂದರ್ಶಕರ ಮೋಟಾರು ಸೈಕಲ್ಲುಗಳು ನಿಂತಿರುತ್ತವೆ.

ಇನ್ನೊಂದು ಮಾತನ್ನು ನಮ್ಮ ಕನ್ನಡ ಬಂಧುಗಳು ಸಿಟ್ಟಾಗದೆ ಕೇಳಬೇಕು. ಖಾನಾಪುರದ ಕಡೆಯ ಎಷ್ಟೋ ಮಕ್ಕಳ ಮನೆಮಾತು ಮರಾಠಿ, ಕೆಲವರದು ಕೊಂಕಣಿ. ಅವರು ಳಕಾರ ಲಕಾರ ತಪ್ಪಿದಾಗ, 'ನಾನು ಹೋಗತೈತೆ' ಎಂದಾಗ, ನಾವು ಕನ್ನಡ ಮಾಸ್ತರರು ಅದನ್ನು ಶಿಕ್ಷಕರ ಕೋಣೆಯಲ್ಲಿ ಅಣಕಿಸಿ ತೋರಿಸಿ ನಗುತ್ತೇವೆ. ನವೆಂಬರ್ ಒಂದರಂದು ಪಂಪನ ಆ ಪ್ರಸಿದ್ಧ ಮಾತನ್ನು, ಮನುಷ್ಯರೆಲ್ಲ ಒಂದೇ ಕುಲವೆಂಬುದನ್ನು, ಬಣ್ಣದ ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸುತ್ತೇವೆ. ಕೆಳಗೆ ಕೂತ ಹುಡುಗಿ ತಪ್ಪಿ ಮರಾಠಿಯಲ್ಲಿ ಉತ್ತರ ಕೊಟ್ಟರೆ ಹುಬ್ಬು ಗಂಟಿಕ್ಕುತ್ತೇವೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಹೀಗಾಯಿತೆಂದು ಕೇಳಿದರೆ ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕಾದದ್ದೇ. ಈಚೆಯ ಮಗುವಿನ ಮುಖವೂ ಅಷ್ಟೇ ಬಾಡುತ್ತದೆ. ಬಹುಸಂಖ್ಯಾತನ ನಗೆಗೆ ಯಾವ ಭಾಷೆಯಾದರೂ ಒಂದೇ.

'ಪಠ್ಯ ಮುಗಿಯುವುದಿಲ್ಲ, ಇದಕ್ಕೆ ವೇಳೆಯೆಲ್ಲಿ?' ಎಂದು ಪ್ರಾಚಾರ್ಯರೊಬ್ಬರು ಕೇಳಿದರು. ನಾನು ಪಠ್ಯದ ಹೊರಗಿನ ವೇಳೆಯನ್ನು ಕಾಯಲಿಲ್ಲ. ಪತ್ರಲೇಖನ ಹೇಗೂ ಕಲಿಸಬೇಕು. ಸಂಪಾದಕರಿಗೆ ಪತ್ರ, ರಜೆ ಬೇಡಿ ಪತ್ರ, ಇವೇ ಹಳಸಿದ ವಿಷಯಗಳು. ಹೋದ ವರ್ಷ ದ್ವಿತೀಯ ವರ್ಷದವರಿಗೆ ಬೇರೆಯೊಂದನ್ನು ಕೊಟ್ಟೆ: ನಿಮ್ಮ ಸ್ನೇಹ ಬೇಡವೆಂದವರಿಗೆ ಒಂದು ಪತ್ರ ಬರೆಯಿರಿ, ಹೆಸರು ಹಾಕುವುದು ಬೇಡ. ಬಂದ ಪತ್ರಗಳನ್ನು ಆ ರಾತ್ರಿ ಓದಿ ನನಗೆ ನಿದ್ದೆ ಬರಲಿಲ್ಲ. ಹುಡುಗರ ಪತ್ರಗಳಲ್ಲಿ ಮುಕ್ಕಾಲು ಪಾಲು ಅಂಗಲಾಚುವುದರಿಂದ ಆರಂಭವಾಗಿ ಬೆದರಿಕೆಯಲ್ಲಿ ಮುಗಿದಿದ್ದವು. ಸಾಯುತ್ತೇನೆ ಎಂದವರಿದ್ದರು, ನೋಡಿಕೊಳ್ಳುತ್ತೇನೆ ಎಂದವರಿದ್ದರು. ಇವರು ಗೂಂಡಾಗಳಲ್ಲ, ದಿನಾಲು ನನಗೆ ನಮಸ್ಕಾರ ಮಾಡುವ, ಒಳ್ಳೆಯ ಮನೆತನದ, ತಾಯಂದಿರು ಡಬ್ಬಿ ಕಟ್ಟಿ ಕಳಿಸುವ ಮಕ್ಕಳು. ಅವರಿಗೆ ಬೇರೆ ಮಾತೇ ಗೊತ್ತಿಲ್ಲ. ದುಃಖವನ್ನು ಸಿಟ್ಟಿನ ಹೊರತು ಮತ್ತಾವ ಶಬ್ದದಲ್ಲಿ ಹೇಳಬೇಕೆಂದು ಯಾರೂ ಅವರಿಗೆ ಕೊಟ್ಟಿಲ್ಲ. ಶಬ್ದ ಕೊಡುವುದು ಭಾಷೆಯ ಮಾಸ್ತರನ ಕೆಲಸವಲ್ಲದಿದ್ದರೆ ಮತ್ತಾರದು ಸ್ವಾಮಿ?

ಒಂದು ಪತ್ರ ಮಾತ್ರ ಬೇರೆಯಿತ್ತು. ನಾಲ್ಕೇ ಸಾಲು. "ನೀವು ಹೇಳಿದ್ದು ತಿಳಿಯಿತು. ನನಗೆ ಬಹಳ ಬೇಸರವಾಗಿದೆ. ನಿಮಗೆ ತೊಂದರೆ ಕೊಡುವುದಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಹೆದರಿ ಇಳಿಯಬೇಡಿರಿ." ಇದನ್ನು ಮರುದಿನ ತರಗತಿಯಲ್ಲಿ ಓದಿದೆ. ಹುಡುಗಿಯರ ಸಾಲಿನಲ್ಲಿ ಒಬ್ಬಳು ಹಾಳೆ ಖಾಲಿ ಬಿಟ್ಟಿದ್ದಳು. ಯಾಕಮ್ಮ ಎಂದರೆ, "ನಮಗ ಬೇಡ ಅಂದವರಿಗೆ ಬರಿಯೂದು ಗೊತ್ತಿಲ್ರಿ ಸರ್. ನಾವು ಬೇಡ ಅಂದದ್ದಕ್ಕ ಬಂದದ್ದು ಬರೀಲೇನ್ರಿ?" ಎಂದಳು. ಹುಡುಗರು ನಗಲಿಲ್ಲ. ಅದೊಂದು ತಾಸಿಗೆ ಪಠ್ಯ ಹಿಂದೆ ಬಿದ್ದಿತೆಂದು ಯಾರಾದರೂ ದೂರು ಕೊಡುವುದಾದರೆ ಕೊಡಲಿ.

ನನ್ನ ಅರ್ಜಿ ಇನ್ನೂ ಆಡಳಿತ ಮಂಡಳಿಯ ಮೇಜಿನ ಮೇಲಿದೆ. ಪರೀಕ್ಷೆ ಮುಗಿದ ಮೇಲೆ ನೋಡೋಣವೆಂದಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಹುಡುಗರೇ ಇರುವುದಿಲ್ಲವೆಂಬುದು ಅವರಿಗೆ ಹೊಳೆದಿಲ್ಲವೆಂದು ನಾನು ನಂಬಿದ್ದೇನೆ.

ಬರುವ ಸೋಮವಾರ ಪ್ರಥಮ ವರ್ಷದವರಿಗೆ ಲಿಂಗಪ್ರಕರಣ ತೆಗೆದುಕೊಳ್ಳಬೇಕು. ಈ ಸಲ ಪುಲ್ಲಿಂಗದಿಂದ ಆರಂಭಿಸುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಲಿಂಗ ಮೂರೇ ಎಂದು ಕೈತೊಳೆದುಕೊಂಡವನಲ್ಲ, ಒಂಬತ್ತು ಬಗೆ ಎಣಿಸಿದವನು, ಅಲ್ಲಿಂದ ಹಿಡಿಯುತ್ತೇನೆ. ಕನ್ನಡದಲ್ಲಿ 'ನಾನು', 'ನೀನು' ಎಂಬ ಎರಡು ಶಬ್ದಗಳಿಗೆ ಲಿಂಗವಿಲ್ಲ. ಎದುರುಬದುರು ನಿಂತು ಮಾತಾಡುವಷ್ಟು ಹೊತ್ತು ನಮ್ಮ ಭಾಷೆ ಗಂಡೇ ಹೆಣ್ಣೇ ಎಂದು ಕೇಳುವುದಿಲ್ಲ. ಆ ಮನುಷ್ಯ ದೂರ ಹೋಗಿ ನಾವು ಅವನ ಬೆನ್ನ ಹಿಂದೆ ಮಾತಾಡತೊಡಗಿದಾಗಲೇ 'ಅವನು', 'ಅವಳು' ಹುಟ್ಟುವುದು. ಅಲ್ಲಿಯೂ ಮರ್ಯಾದೆ ಕೊಟ್ಟು 'ಅವರು' ಎಂದುಬಿಟ್ಟರೆ ಭೇದ ಮತ್ತೆ ಮಾಯ. ಇನ್ನು ನಪುಂಸಕಲಿಂಗಕ್ಕೆ ಉದಾಹರಣೆ. ಮರ, ಕಲ್ಲು, ಪುಸ್ತಕ ಎಂದು ಹೇಳುವ ರೂಢಿ. ನಾನು ಈ ಸಲ 'ಮಗು' ಎಂದು ಬರೆಯುತ್ತೇನೆ. ಮಗು ನಕ್ಕಿತು, ಮಗು ಅತ್ತಿತು, ಮಗು ಮನೆಗೆ ಬಂದಿತು. ನಮ್ಮ ನಾಲಗೆಯ ಮೇಲಿನ ಅತಿ ಮುದ್ದಿನ ಶಬ್ದ ಆ ಲಿಂಗದ್ದು.

ಹಿಂದಿನ ಬೆಂಚಿನಲ್ಲಿ ಯಾರಾದರೂ ಕಿಸಕ್ಕೆನ್ನಬಹುದು. ಆಗ ನಾನು ಸೀಮೆಸುಣ್ಣ ಕೆಳಗಿಟ್ಟು ತಿರುಗಿ ನಿಲ್ಲಬೇಕು, ನಗಬಾರದು. ಆ ಗೃಹಸ್ಥರಿಗೆ ಬಿಡುವಿದ್ದರೆ ಬರಲಿ. ತರಗತಿ ಹತ್ತು ಗಂಟೆಗೆ; ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ಜಾಗ ಖಾಲಿಯಿದೆ.